ಮಾವನ ತಲೆಕೆಳಗಿನ ದುರ್ಬೀನು

ನಮ್ಮ ಸೋದರಮಾವನಿಗೆ ಪ್ರಪಂಚವನ್ನು ನೆಟ್ಟಗೆ ನೋಡಲು ಬರುತ್ತಿರಲಿಲ್ಲ. ಇದು ನಿಂದೆಯಲ್ಲ, ಅವರ ವೃತ್ತಿ! ವಡೋದರಾದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸರ್ವೆ ಪಾಠ ಹೇಳಿ ಹೇಳಿ ಅವರಿಗೆ ಹಾಗಾಗಿತ್ತು. ಹಳೆಯ ಕಾಲದ ಸರ್ವೆ ದುರ್ಬೀನಿನಲ್ಲಿ ಎದುರಿಗಿರುವುದೆಲ್ಲ ತಲೆಕೆಳಗಾಗಿ ಕಾಣುತ್ತದೆ. ಮನುಷ್ಯ ಬಾವಲಿಯಂತೆ ಆಕಾಶಕ್ಕೆ ಜೋತುಬಿದ್ದಿರುತ್ತಾನೆ. ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ. ಜೀವಮಾನವಿಡೀ ಅದರೊಳಗೆ ಕಣ್ಣಿಟ್ಟವರು ಬೇರೆ ಹೇಗೆ ಆದಾರು, ನೀವೇ ಹೇಳಿ?

ಗೋರ್ವಾ ಬಡಾವಣೆಯ ಅವರ ಮನೆಗೆ ಬರುತ್ತಿದ್ದುದು ಒಂದೇ ಪತ್ರಿಕೆ. ಅತ್ತೆ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದರು. ಮಾವ ಎದುರು ಕುರ್ಚಿಯಲ್ಲಿ ಕೂತು ಅದೇ ಪುಟವನ್ನು ತಲೆಕೆಳಗಾಗಿ ಓದುತ್ತಿದ್ದರು, ಅದೂ ಅತ್ತೆಗಿಂತ ಬೇಗ! "ಪುಟ ತಿರುಗಿಸ್ತೀಯಾ ಇಲ್ವಾ?" ಎಂದು ಗೊಣಗುತ್ತಿದ್ದರು. ಅತ್ತೆ ಊರಿಗೆ ಹೋದಾಗ ಏನು ಮಾಡುತ್ತಿದ್ದರು? ಪತ್ರಿಕೆಯನ್ನು ತಾವೇ ತಿರುಗಿಸಿ ಹಿಡಿದುಕೊಳ್ಳುತ್ತಿದ್ದರು. ಪಕ್ಕದ ಮನೆಯವರು ಕಂಡು ಗಾಬರಿಯಿಂದ "ಸಾಹೇಬ್, ಛಾಪುಂ ಊಂಧುಂ ಛೇ!" ಎಂದಿದ್ದರಂತೆ, ಪೇಪರ್ ತಲೆಕೆಳಗಿದೆ ಎಂದು. ಮಾವ ತಲೆ ಎತ್ತಲಿಲ್ಲವಂತೆ. "ಚಳಿಗಾಲ ಬಂದ್ರೆ ನೀವು ಮಡಕೇನ ಬೋರಲು ಹಾಕಿ ಊಂಧಿಯುಂ ಪಲ್ಯ ಬೇಯಿಸ್ತೀರಿ. ನಾನೇನಾದ್ರೂ ಕೇಳಿದೀನಾ?"

ಹೀಗೆ ಅತ್ತೆ ಹೇಳುತ್ತಾರೆ. ನಾನು ಕೇಳಿದ್ದಷ್ಟೇ, ಕಂಡದ್ದಲ್ಲ. ಈ ವ್ಯತ್ಯಾಸವನ್ನು ಹೇಳಲೇಬೇಕು, ಏಕೆಂದರೆ ಮಾವನ ಬಳಿ ಕಲಿತ ಮೊದಲ ಪಾಠವೇ ಅದು. "ನಿಂತ ಜಾಗದಲ್ಲೇ ಬರಿ. ರಬ್ಬರ್ ಮುಟ್ಟಬೇಡ. ತಪ್ಪಾದ್ರೆ ಒಂದು ಗೆರೆ ಹೊಡೆದು ಮೇಲೆ ಬರಿ, ತಪ್ಪೂ ಕಾಣ್ತಿರಲಿ. ಮನೆಗೆ ಹೋಗಿ ನೆನಪು ಮಾಡ್ಕೊಂಡು ಬರೆದದ್ದು ಸರ್ವೆ ಅಲ್ಲ, ಕತೆ." ಆ ಲೆಕ್ಕದಲ್ಲಿ ನಾನೀಗ ಬರೆಯುತ್ತಿರುವುದು ಶುದ್ಧ ಕತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅಪ್ಪ ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದರು. ನಾನು ಅಲ್ಲಿನ ನವರಂಗಪುರದ ಕಡೆ ಬೆಳೆದವಳು. ಸಿವಿಲ್ ಎಂಜಿನಿಯರಿಂಗ್ ಸೀಟು ಮಾವನ ಕಾಲೇಜಿನಲ್ಲೇ ಸಿಕ್ಕಿದ್ದರಿಂದ ಅವರ ಮನೆಯಲ್ಲೇ ಬಿಡಾರ. ಮನೆಯಲ್ಲಿ ಮಾವ, ಕಾಲೇಜಿನಲ್ಲಿ ಸರ್. ಒಮ್ಮೆ ಸಾರು ಬಡಿಸುವಾಗ ಬಾಯಿತಪ್ಪಿ "ಇನ್ನೊಂದು ಸೌಟು ಹಾಕ್ಲಾ ಸರ್?" ಎಂದುಬಿಟ್ಟೆ. ಅತ್ತೆ ನಕ್ಕು ನಕ್ಕು ಕೆಮ್ಮಿದರು. "ಹಾಕು ಹಾಕು. ಇಂಟರ್ನಲ್ ಮಾರ್ಕ್ಸ್ ಅವರ ಕೈಲೇ ಇರೋದು!"

ಮೊದಲ ತರಗತಿಯಲ್ಲಿ ಅವರು ಹೇಳಿದ ಮಾತಿಗೆ ಯಾರೂ ನಗಲಿಲ್ಲ. "ನಿಮ್ಮ ತಪ್ಪು ನಿಮಗೆ ಗೊತ್ತೇ ಆಗಲ್ಲ. ಯಾರೋ ಅದರ ಮೇಲೆ ಮನೆ ಕಟ್ಕೊಂಡು, ಮಕ್ಕಳನ್ನ ಮಲಗಿಸ್ಕೊಂಡು ನಿದ್ದೆ ಮಾಡ್ತಿರ್ತಾರೆ." ಆಮೇಲೆ ನಮ್ಮನ್ನು ಮೈದಾನಕ್ಕೆ ಕರೆದೊಯ್ದರು. ನೆಟ್ಟಗೆ ತೋರಿಸುವ ಹೊಸ ಯಂತ್ರಗಳು ಬೀರುವಿನಲ್ಲಿ ಭದ್ರವಾಗಿದ್ದವು. ನಮಗೆ ಸಿಕ್ಕಿದ್ದು ಹಳೆಯ ದುರ್ಬೀನು. ನಾನು ಕಣ್ಣಿಟ್ಟೆ. ನನ್ನ ಸಹಪಾಠಿ, ಸೂರತ್ತಿನ ಅಡಾಜಣ್ ಕಡೆಯ ಹುಡುಗ, ಕೋಲು ಹಿಡಿದು ತಲೆ ಕೆಳಗಾಗಿ ನೇತಾಡುತ್ತಿದ್ದ! ಅವನನ್ನು ದುರ್ಬೀನಿನ ನಡುಗೆರೆಗೆ ತರಬೇಕು. ಕೂಗುವಂತಿಲ್ಲ, ಸನ್ನೆಯಲ್ಲೇ ಹೇಳಬೇಕು. ಎಡಗೈ ಚಾಚಿದರೆ ಎಡಕ್ಕೆ ಸರಿ, ಬಲಗೈ ಚಾಚಿದರೆ ಬಲಕ್ಕೆ ಸರಿ, ಕೈ ಎತ್ತಿ ಕೆಳಗಿಳಿಸಿದರೆ ಅಲ್ಲೇ ನಾಟು. ಅವನು ನನಗೆ ಗೆರೆಯ ಬಲಕ್ಕೆ ಕಂಡ, ನಾನು ಎಡಗೈ ಚಾಚಿದೆ. ಆತ ಸರಿದ, ಇನ್ನಷ್ಟು ದೂರವಾದ. ನಾನು ಇನ್ನಷ್ಟು ಕೈ ಬೀಸಿದೆ. "ಅರೇ ಯಾರ್, ಹಜೀ ಕೇಟಲುಂ ಡಾಬೇ?" ಇನ್ನೂ ಎಷ್ಟು ಎಡಕ್ಕೆ ಎಂದು ಕೂಗುತ್ತಲೇ ಆತ ಚರಂಡಿಯೊಳಗೆ ಮಾಯವಾದ!

ಇಲ್ಲ, ಒಂದು ಗೆರೆ ಹೊಡೆಯುತ್ತೇನೆ. ಮಾಯವಾಗಲಿಲ್ಲ, ಒಂದು ಕಾಲು ಇಳಿದಿತ್ತು ಅಷ್ಟೇ. ವರ್ಷ ಕಳೆದಂತೆ ನಾನವನನ್ನು ಪೂರ್ತಿ ಮುಳುಗಿಸುತ್ತಿದ್ದೇನೆ.

ಮಾವ ಮಾತ್ರ ಗಂಭೀರವಾಗಿ ಹೇಳಿದರು: "ದುರ್ಬೀನು ಸುಳ್ಳು ಹೇಳಲ್ಲಮ್ಮ. ಅದು ಹೇಗೆ ಹೇಳುತ್ತೆ ಅಂತ ನೀನು ತಿಳ್ಕೋಬೇಕು."

ಆದರೆ ಅವರ ಸರ್ವೆಗೆ ನಿಜವಾಗಿ ಬಲಿಯಾದದ್ದು ಅತ್ತೆಯ ಹಣೆ. ದಿನಾ ಬೆಳಿಗ್ಗೆ ಅತ್ತೆ ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡು ಅಡುಗೆಮನೆಯಿಂದ ಹೊರಬಂದರೆ, ಮಾವ ಕಾಫಿ ಲೋಟ ಕೆಳಗಿಟ್ಟು ಒಂದು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಎಡಗೈ ಮೆಲ್ಲಗೆ ಚಾಚುತ್ತಿತ್ತು.

"ಯಾರ ಎಡ? ನಿಮ್ಮದಾ, ನಂದಾ?"

"ಯಂತ್ರದ ಹಿಂದೆ ನಿಂತವರ ಎಡ."

"ಏನ್ರೀ, ನನ್ನ ಹಣೆ ಏನು ನಿಮ್ಮ ಸೈಟಾ?"

ಎದುರುಬದುರು ನಿಂತವರಲ್ಲಿ ಒಬ್ಬರ ಎಡ ಇನ್ನೊಬ್ಬರ ಬಲ. ಆ ದಾಂಪತ್ಯದ ಅಷ್ಟೂ ಜಗಳ ಇದೊಂದೇ ವಿಷಯಕ್ಕೆ! ಅತ್ತೆ ತಮ್ಮ ಎಡಕ್ಕೆ ಸರಿಸುವರು, ಮಾವ ತಲೆ ಚಚ್ಚಿಕೊಳ್ಳುವರು. ಕೊನೆಗೆ ಬೊಟ್ಟಿನ ಅಂಟು ಹೋಗಿ ಅದು ಕನ್ನಡಿಯ ಮೇಲೆ ವಿಶ್ರಾಂತಿ ಪಡೆಯುತ್ತಿತ್ತು. ಸ್ನಾನದ ಮನೆಯ ಕನ್ನಡಿಗೆ ಅತ್ತೆಗಿಂತ ಹೆಚ್ಚು ಮುತ್ತೈದೆ ಭಾಗ್ಯ.

ನಾನು ಕೊನೆಯ ವರ್ಷದಲ್ಲಿದ್ದಾಗ, ಮೈದಾನದಲ್ಲಿ ಹುಡುಗರಿಗೆ ಸನ್ನೆ ಕಲಿಸುತ್ತಿದ್ದ ಮಾವನ ಬಲಗೈ ಚಾಚಿದ್ದು ಹಾಗೆಯೇ ಕೆಳಗೆ ಬಿತ್ತು. ಹುಡುಗರು ಅದನ್ನೂ ಒಂದು ಸನ್ನೆ ಎಂದುಕೊಂಡು ಬರೆದುಕೊಂಡರಂತೆ. ಮೆದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮಾತಿತ್ತು, ಬಲಗೈ ಸ್ವಾಧೀನದಲ್ಲಿರಲಿಲ್ಲ, ನೆನಪಿನಲ್ಲಿ ನಾವ್ಯಾರೂ ಇರಲಿಲ್ಲ. ನನ್ನನ್ನು ಯಾವುದೋ ಬ್ಯಾಚಿನ ವಿದ್ಯಾರ್ಥಿನಿ ಎಂದುಕೊಂಡರು. ಅದು ಅರ್ಧ ಸರಿಯೇ. ಅತ್ತೆಯನ್ನು ನರ್ಸ್ ಎಂದುಕೊಂಡರು.

"ಸಿಸ್ಟರ್, ನಮ್ಮ ಮನೆಯವರು ಬಂದ್ರಾ, ಸ್ವಲ್ಪ ನೋಡ್ತೀರಾ?"

ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು: "ದಾರೀಲಿದಾರೆ ಸರ್. ಬರ್ತಾರೆ."

"ಪಾಪ, ಅವಳಿಗೆ ಎಡ ಬಲ ತಿಳಿಯಲ್ಲ. ದಾರಿ ತಪ್ಪಿಸ್ಕೊಂಡಿರ್ತಾಳೆ."

ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ ನನಗೆ ಹೇಳಿದರು: "ಮದುವೆಯಾದಾಗಿನಿಂದ ನನ್ನ ಇಷ್ಟು ಮರ್ಯಾದೆಯಿಂದ ಮಾತಾಡ್ಸಿರ್ಲಿಲ್ಲ ಕಣೇ." ನಾವಿಬ್ಬರೂ ನಕ್ಕೆವು. ನಕ್ಕದ್ದು ನಿಜ, ಅದನ್ನು ನಾನು ಅಂದೇ ಬರೆದಿಟ್ಟಿದ್ದೇನೆ. ಆಮೇಲೆ ಅತ್ತೆ ಕೇಳಿದರು: "ಒಂದು ಸಲ ಗುರುತು ಹಿಡೀತಾರೇನೇ? ಹಿಡಿದು ಬೈದ್ರೂ ಸಾಕು."

ಪ್ರತಿದಿನ ಅತ್ತೆ ಮಂಚದ ಪಕ್ಕ ನಿಂತು, ಎದುರು ನಿಂತು ಮುಖ ತೋರಿಸಿದರು. ಹಳೆಯ ಫೋಟೊ ತಂದರು. ಮಾವ ವಿನಯವಾಗಿ "ಚೆನ್ನಾಗಿದೆ ಸಿಸ್ಟರ್" ಎಂದರು. ಡಾಕ್ಟರು ಭುಜ ಕುಣಿಸಿದರು.

ಒಂದು ಮಧ್ಯಾಹ್ನ ದಿಂಬು ಜಾರಿತ್ತು. ಅತ್ತೆ ಮಂಚದ ತಲೆಯ ಕಡೆ ಹೋಗಿ, ಹಿಂದಿನಿಂದ ಬಗ್ಗಿ ಅದನ್ನು ಎಳೆಯುತ್ತಿದ್ದರು. ಮಾವ ಕಣ್ಣು ಮೇಲೆತ್ತಿದರು. ಅವರ ಮೇಲೆ ಒಂದು ಮುಖ ತಲೆಕೆಳಗಾಗಿ ತೂಗುತ್ತಿತ್ತು.

ಮಾವ ಒಂದು ಕಣ್ಣು ಮುಚ್ಚಿದರು.

ಉಳಿದಿದ್ದ ಎಡಗೈ ಹಾಸಿಗೆಯಿಂದ ಮೇಲೆದ್ದು ಮೆಲ್ಲಗೆ ಚಾಚಿತು. ಅತ್ತೆ ಈ ಸಲ "ಯಾರ ಎಡ?" ಎಂದು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ತಲೆಕೆಳಗಾಗಿ ನೋಡುವವರ ನಡುವೆ ಇಬ್ಬರ ಎಡವೂ ಒಂದೇ ಕಡೆಗಿರುತ್ತದೆ. ಬೇಕಾದರೆ ಮನೆಯಲ್ಲಿ ಯಾರನ್ನಾದರೂ ಮಲಗಿಸಿ ನೋಡಿ. ಅತ್ತೆ ಬೊಟ್ಟು ಕಿತ್ತು ಕೂದಲೆಳೆಯಷ್ಟು ಎಡಕ್ಕೆ ಅಂಟಿಸಿದರು. ಕೈ ಇನ್ನೂ ಚಾಚಿಯೇ ಇತ್ತು. ಇನ್ನಷ್ಟು ಸರಿಸಿದರು. ಆಗ ಆ ಕೈ ಮೇಲೆದ್ದು ಕೆಳಗಿಳಿಯಿತು. ಅಲ್ಲೇ ನಾಟು.

ಮಾವ ನಿದ್ದೆಹೋದರು. ಎದ್ದಮೇಲೆ ಮತ್ತೆ ಸಿಸ್ಟರ್ ಎಂದೇ ಕರೆದರು. ಕೊನೆಯವರೆಗೂ ಹಾಗೇ ಕರೆದರು.

ಆ ಬೊಟ್ಟು ಮೊದಲೇ ನೆಟ್ಟಗಿತ್ತು ಎಂದು ನನ್ನ ನೆನಪು. ನಾನು ಬಾಗಿಲ ಬಳಿ ನಿಂತಿದ್ದೆ, ಖಚಿತವಾಗಿ ಹೇಳಲಾರೆ.

ವೈಕುಂಠ ಸಮಾರಾಧನೆಯ ದಿನ ಊರಿಂದ ಬಂದ ಹಿರಿಯರೊಬ್ಬರು ಅತ್ತೆಯ ಹಣೆ ನೋಡಿ, "ಇನ್ನೂ ಇಟ್ಕೊಂಡಿದೀಯಲ್ಲಮ್ಮಾ?" ಎಂದರು. ಅತ್ತೆ ಎಲೆಗೆ ಉಪ್ಪು ಬಡಿಸುತ್ತ ಮುಂದೆ ಹೋದರು.

ನಾನೀಗ ಅಳೆಯುವ ಕೆಲಸದಲ್ಲೇ ಇದ್ದೇನೆ. ಕಣ್ಣು ಸುಮ್ಮನಿರುವುದಿಲ್ಲ. ಮೊನ್ನೆ ಗೋರ್ವಾದ ಮನೆಯಲ್ಲಿ, ಅದೇ ಮೇಜಿನ ಎದುರು ಕುರ್ಚಿಯಲ್ಲಿ ಕೂತಿದ್ದಾಗ ಬಾಯಿ ತಡೆಯಲಿಲ್ಲ. "ಅತ್ತೆ, ಬೊಟ್ಟು ಸೊಟ್ಟಗಿದೆ. ಸರಿ ಮಾಡ್ಲಾ?"

ಅತ್ತೆ ಹಣೆಗೆ ಅಂಗೈ ಅಡ್ಡ ಹಿಡಿದರು.

"ಮುಟ್ಟಬೇಡ. ಗುರುತು ಹಾಕಿ ಹೋಗಿದಾರೆ."