ಮಹಾನಗರದ ಬಗ್ಗೆ ಐದು ನಿಮಿಷ

ನನ್ನ ಅಪ್ಪನಿಗೆ ಒಂದು ಅಭ್ಯಾಸ. ಊರಿನ ಹಳೆಯ ಭಾಗವಾದ ಫೋರ್ಟ್ ಕಡೆ ಏನಾದರೂ ಕೆಲಸವಿದ್ದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಗಿಲಲ್ಲಿ ನಿಂತು, "ಬೊಂಬಾಯಿಗೆ ಹೋಗಿ ಬರ್ತೇನೆ" ಎನ್ನುತ್ತಾರೆ. ನಾವಿರುವುದು ದಹಿಸರ್‌ನಲ್ಲಿ, ಅಂದರೆ ಮುಂಬಯಿಯಲ್ಲೇ. ಅವರು ಹೋಗಿ ಇಳಿಯುವುದೂ ಮುಂಬಯಿಯಲ್ಲೇ. ಇಂಥ ತಮಾಷೆಗಳು ನಮ್ಮ ಮನೆಯಲ್ಲಿ ವಾರಕ್ಕೆರಡಾದರೂ ಇರುತ್ತವೆ.

ಈ ವರ್ಷ ನಾನೇ ಅಂಥದೊಂದು ಮಾಡಿಕೊಂಡೆ. ಘಾಟ್ಕೋಪರ್‌ನಲ್ಲಿ ನಾವು ಹೋಗುವ ಕನ್ನಡ ಸಂಘದಲ್ಲಿ ಚಿಕ್ಕಂದಿನಿಂದ ಮೂಲೆಯ ಕುರ್ಚಿ ನನ್ನದು. ಇಂಗ್ಲಿಷ್ ಮೀಡಿಯಮ್ ಹುಡುಗಿ. ಕನ್ನಡದಲ್ಲಿ ಯಾರು ಏನು ಕೇಳಿದರೂ ಮುಗುಳ್ನಗೆಯೇ ಉತ್ತರ. ಒಮ್ಮೆ ಒಬ್ಬ ಆಂಟಿ ಅಮ್ಮನನ್ನು ಪಕ್ಕಕ್ಕೆ ಕರೆದು, "ಪಾಪ, ಹುಟ್ಟಿನಿಂದಲೇ ಮಾತು ಬರುವುದಿಲ್ಲವಾ?" ಎಂದು ಕೇಳಿದ್ದರು. ಹಾಗಾಗಿ, 'ಮಹಾನಗರ ಎಂದರೇನು' ಎಂಬ ವಿಷಯದ ಮೇಲೆ ಐದು ನಿಮಿಷ ಮಾತಾಡಲು ಕಿರಿಯರು ಯಾರಿದ್ದೀರಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ನನ್ನ ಕೈ ನನ್ನನ್ನು ಕೇಳದೆ ಮೇಲೆದ್ದಿತು. ಹಿಂದಿಗೆ ಜಾರದೆ ಐದು ನಿಮಿಷ. ನನಗೂ ಈ ಭಾಷೆ ಬರುತ್ತದೆ ಎಂದು ಅವರಿಗೆ, ಅದಕ್ಕಿಂತ ಹೆಚ್ಚಾಗಿ ನನಗೆ, ಗೊತ್ತಾಗಬೇಕಿತ್ತು.

ಕಷ್ಟವೇನೆಂದರೆ, ಮಹಾನಗರ ಎಂಬ ಶಬ್ದವನ್ನು ನಾನು ನೋಡಿದ್ದು ಪಾಲಿಕೆಯ ಕಸದ ಗಾಡಿಯ ಮೇಲೆ ಮಾತ್ರ.

ಅಪ್ಪನ ಅರ್ಥ

ಅಪ್ಪ ಉಡುಪಿ ಹೋಟೆಲಿನ ಮ್ಯಾನೇಜರ್. ಅವರನ್ನೇ ಕೇಳಿದೆ.

"ಗುರುತಿಲ್ಲದ ನಾಲ್ಕು ಜನ ಒಂದೇ ಟೇಬಲ್‌ನಲ್ಲಿ ಕೂತು, ಒಬ್ಬರ ಚಟ್ನಿಗೆ ಇನ್ನೊಬ್ಬರು ಕೈ ಹಾಕದೆ ತಿಂದು ಏಳ್ತಾರಲ್ಲ, ಅದು ಮಹಾನಗರ."

"ಮತ್ತೆ ಹಳ್ಳಿ?"

ಅಪ್ಪ ಅಡುಗೆಮನೆಯ ಕಡೆ ನೋಡಿದರು. "ನಮ್ಮ ಮನೆ. ನಿನ್ನ ಅಮ್ಮ ನನ್ನ ತಟ್ಟೆಯಿಂದಲೇ ತಿನ್ನುವುದಲ್ವಾ!"

ಹದಿನೆಂಟನೇ ಮಾಳಿಗೆ

ನಮ್ಮ ಎದುರು ಒಂದು ಟವರ್ ಏಳುತ್ತಿದೆ. ಅಲ್ಲಿ ಕೆಲಸ ಮಾಡುವ ವಿಜಯಪುರ ಕಡೆಯ ಒಬ್ಬಾಕೆ ಮಧ್ಯಾಹ್ನ ನಮ್ಮ ಗೇಟಿನ ನೆರಳಲ್ಲಿ ಕೂರುತ್ತಾರೆ. ರಜೆಯ ದಿನ ಅವರ ಹತ್ತಿರವೂ ನೋಟ್‌ಬುಕ್ ಹಿಡಿದು ಹೋದೆ.

"ನಮ್ಮೂರಾಗ ಮನಿ ಬಿಟ್ಟು ಹತ್ತ್ ಹೆಜ್ಜಿ ಇಟ್ರ ಸಾಕ್ರಿ ಅಕ್ಕಾರ, ಎಲ್ಲಿಗ್ ಹೊಂಟಿ, ಊಟಾತೇನು ಅಂತ ನಾಕ್ ಮಂದಿ ಕೇಳ್ತಾರ. ಇಲ್ಲಿ ಹದಿನೆಂಟ್ ಮಾಳ್ಗಿ ಹತ್ತಿ ಇಳದ್ರೂ ಒಬ್ರೂ ಕೇಳಂಗಿಲ್ಲ. ಅದಕ್ಕ ಮಹಾನಗರ ಅಂತಾರ್ರಿ."

ಎಷ್ಟು ಚೆನ್ನಾಗಿ ಹೇಳಿದರು! ಎಲ್ಲ ಬರೆದುಕೊಂಡೆ. ಏಳುವಾಗ ಮರ್ಯಾದೆಗೆಂದು, "ನಿಮ್ಮ ಊಟ ಆಯ್ತಾ?" ಎಂದೆ.

ಆಕೆ ಹಣೆ ಚಚ್ಚಿಕೊಂಡರು. "ಕೆಡಿಸಿಬಿಟ್ರಲ್ರಿ ಅಕ್ಕಾರ! ಈಗ ಬರದದ್ದೆಲ್ಲ ಅಳಸ್ರಿ!"

ಅಳಿಸಲಿಲ್ಲ. ಅವರ ಬುತ್ತಿಯ ಅರ್ಧ ರೊಟ್ಟಿ ಕೈಗೆ ಬಂದಿತ್ತು, ರಬ್ಬರ್ ಹಿಡಿಯಲು ಜಾಗವಿರಲಿಲ್ಲ.

ಲೇಡೀಸ್ ಡಬ್ಬಾ

ನನ್ನ ಆಫೀಸು ಮಲಾಡ್‌ನಲ್ಲಿ. ಸಂಜೆ ಲೋಕಲ್ ರೈಲಿನ ಹೆಂಗಸರ ಬೋಗಿಯಲ್ಲಿ ನಿಂತು ಭಾಷಣ ಗುನುಗುತ್ತಿದ್ದೆ. ಪಕ್ಕದಲ್ಲಿದ್ದ ಒಬ್ಬ ಮರಾಠಿ ಆಂಟಿ, ಎಲ್ಲರೂ 'ಕಾಕು' ಎಂದು ಕರೆಯುವವರು, "ಯಾವ ಸ್ತೋತ್ರ ಇದು?" ಎಂದು ಕೇಳಿದರು. ಭಾಷಣ ಎಂದೆ. ಮುಗಿಯಿತು. "ಜೋರಾಗಿ ಹೇಳು!" ಎಂದು ಅಪ್ಪಣೆಯಾಯಿತು. ಮೀನಿನ ಬುಟ್ಟಿ, ಲ್ಯಾಪ್‌ಟಾಪ್ ಬ್ಯಾಗು, ಅರ್ಧ ಬಿಡಿಸಿದ ಬಟಾಣಿಗಳ ನಡುವೆ ಕಾಂದಿವಲಿಯಿಂದ ಬೋರಿವಲಿವರೆಗೆ ಭಾಷಣ ಮಾಡಿದೆ. ಚಪ್ಪಾಳೆಯೂ ಬಿತ್ತು.

ಕಾಕು ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ನನಗೆ ಒಂದಕ್ಷರ ತಿಳಿಯಲಿಲ್ಲ ಮಗಳೇ. ಆದರೆ ಮೂರನೇ ಸಾಲು ತಪ್ಪು. ನೀನು ಗುನುಗುವಾಗ ಬೇರೆ ಇತ್ತು."

ಮನೆಗೆ ಬಂದು ನೋಡಿದೆ. ನಿಜವಾಗಿಯೂ ಮೂರನೇ ಸಾಲನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿದ್ದೆ.

ಆ ಐದು ನಿಮಿಷ

ಘಾಟ್ಕೋಪರ್‌ನ ಹಾಲ್‌ನಲ್ಲಿ ಮೈಕ್ ಹಿಡಿದೆ. "ಮಹಾನಗರ ಎಂದರೆ ಒಂದು ಕೋಟಿಗಿಂತ ಹೆಚ್ಚು ಜನ ವಾಸಿಸುವ ನಗರ" ಎಂದೆ. ಅಷ್ಟೇ. ಉಳಿದದ್ದೆಲ್ಲ ತಲೆಯಿಂದ ಮಾಯ. ನಾಲಿಗೆಯ ತುದಿಯಲ್ಲಿ ಹಿಂದಿ ಬಂದು ನಿಂತಿತ್ತು.

ಮುಂದಿನ ಸಾಲಿನಲ್ಲಿದ್ದ ಕುಂದಾಪುರ ಕಡೆಯ ಒಬ್ಬ ಅಜ್ಜಿ ಹಿಂದೆ ತಿರುಗಿ ತಲೆ ಎಣಿಸಿದರು. ಆಮೇಲೆ ಗಟ್ಟಿಯಾಗಿ, "ಎಂತಕ್ಕೆ ಹೆದರುದು ಮಗಾ? ಆ ಕೋಟಿಯಲ್ಲಿ ಇಲ್ಲಿಗೆ ಬಂದದ್ದು ಹತ್ತೊಂಬತ್ತೇ ಜನ!" ಅಂದರು.

ಹಾಲ್ ಇಡೀ ನಕ್ಕಿತು, ನಾನೂ ನಕ್ಕೆ. ನಗುವಿನ ಹಿಂದೆಯೇ ಮಾತು ಬಂತು. ಐದಲ್ಲ, ಏಳು ನಿಮಿಷ ಮಾತಾಡಿದೆ. 'ಆದರೆ' ಎನ್ನುವಲ್ಲಿ ಎರಡು ಹಿಂದಿ 'ಲೇಕಿನ್' ನುಸುಳಿದವು. ಯಾರೂ ಗಮನಿಸಲಿಲ್ಲ, ಅವರೂ ಹಾಗೇ ಮಾತಾಡುವವರು. ಆ ಹತ್ತೊಂಬತ್ತು ಜನಕ್ಕೂ ನಾನು ಋಣಿ.

ಕೆಳಗಿಳಿದು ಬಂದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಎಷ್ಟು ಚಂದ ಕನ್ನಡ! ನನ್ನ ಮೊಮ್ಮಗನಿಗೆ ಒಂದು ಶಬ್ದ ಬರುದಿಲ್ಲ. ಆದಿತ್ಯವಾರ ನಮ್ಮ ಮನೆಗೆ ಬಂದು ಕಲಿಸ್ತಿಯಾ?"

ನನ್ನಿಂದ ಕನ್ನಡ ಕಲಿಯುವವರು! ಕಣ್ಣು ತುಂಬಿ ಬಂತು. "ಯಾವ ಕ್ಲಾಸ್, ಅಜ್ಜಿ?"

"ಕ್ಲಾಸೆಲ್ಲ ಮುಗಿದಾಯ್ತು. ಇಪ್ಪತ್ತೊಂಬತ್ತು ವರ್ಷ, ಎಂಜಿನಿಯರ್, ಸ್ವಂತ ಫ್ಲಾಟ್ ಉಂಟು." ಅಜ್ಜಿ ಹಿಡಿದ ಕೈ ಬಿಡಲಿಲ್ಲ. "ಅಪ್ಪ ಅಮ್ಮನನ್ನೂ ಕರ್ಕೊಂಡು ಬಾ. ಬರ್ತಿಯಲ್ಲ ಮಗಾ?"