ಅತ್ತೆಮನೆಯ ದೊಡ್ಡ ಪ್ಲಗ್ಗು

ಹೊಸ ಸಾಮಾನು ಕೊಳ್ಳಲು ದುಡ್ಡಿದ್ದರೆ ಸಾಕು, ಹಳೆಯದನ್ನು ಕೊಳ್ಳಲು ಪತ್ತೇದಾರಿ ಬುದ್ಧಿ ಬೇಕು. ಮೊದಲನೆಯದು ನನ್ನಲ್ಲಿ ಯಾವತ್ತೂ ಇಲ್ಲದ್ದರಿಂದ, ಎರಡನೆಯದು ಇದೆಯೆಂದು ನಂಬಿಕೊಂಡು ಬಂದಿದ್ದೇನೆ. ನಮ್ಮಜ್ಜ ಸಂತೆಯಲ್ಲಿ ಎತ್ತು ಕೊಳ್ಳುವುದನ್ನು ನೋಡುತ್ತ ಬೆಳೆದವನು ನಾನು. ಅವರು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಒಂದಿಷ್ಟು ದೂರ ನಡೆಸಿ ಗೊರಸಿನ ಸದ್ದು ಕೇಳುತ್ತಿದ್ದರು. ಕೊನೆಗೆ ಮಾರುವವನ ಮುಖವನ್ನೊಮ್ಮೆ ದಿಟ್ಟಿಸಿ, "ಎತ್ತು ಅಡ್ಡಿಯಿಲ್ಲ, ಇವನೇ ಸರಿಯಿಲ್ಲ" ಎಂದು ಎದ್ದು ಬರುತ್ತಿದ್ದರು. ಆ ವಿದ್ಯೆಯ ಬಲದ ಮೇಲೆ ಈಚೆಗೆ ನಾನೊಂದು ಹಳೆಯ ಎಲೆಕ್ಟ್ರಿಕ್ ಕಾರು ನೋಡಲು ಹೋದೆ.

ಕಾರು ಶಿಕಾರಿಪುರದಲ್ಲೇ, ನಮ್ಮ ಬೀದಿಯ ಗೊಬ್ಬರದಂಗಡಿ ಬಸಣ್ಣನದು. ಲಕ್ಷಣವಾಗಿತ್ತು. ಆದರೆ ಪರೀಕ್ಷಿಸುವುದು ಏನನ್ನು? ಬಾನೆಟ್ ಎತ್ತಿದರೆ ಎಂಜಿನ್ನೇ ಇಲ್ಲ. ಹೊಗೆಯ ಬಣ್ಣ ನೋಡೋಣವೆಂದರೆ ಹೊಗೆ ಬಿಡುವ ಕೊಳವೆಯೂ ಇಲ್ಲ. ಬಸಣ್ಣ ಕೀಲಿ ತಿರುಗಿಸಿ, "ಚಾಲೂ ಆತ್ ನೋಡ್ರಿ ಸರ" ಎಂದ. ಕಿವಿಗೊಟ್ಟೆ. ಅವನು ನಗುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಸುಮ್ಮನಿರಲಾರದೆ ಟೈರಿಗೊಂದು ಒದೆ ಕೊಟ್ಟೆ; ನನ್ನ ಹೆಬ್ಬೆರಳಿನ ಸ್ಥಿತಿ ತಿಳಿಯಿತೇ ಹೊರತು ಬ್ಯಾಟರಿಯದ್ದಲ್ಲ.

"ಒಂದು ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಹೋಗುತ್ತೆ ಬಸಣ್ಣ?"

"ಅದು ಓಡ್ಸೋರ ಮ್ಯಾಲೈತ್ರಿ. ಫುಲ್ ಮಾಡಿ ಕೊಡ್ತೀನಿ, ಸೊರಬಕ್ಕೆ ಹೋಗಿ ಬರ್ರಿ. ಪಾಸಾದ್ರೆ ಇಟ್ಕಳ್ರಿ, ಇಲ್ಲಾಂದ್ರೆ ತಂದು ಇಲ್ಲೇ ನಿಲ್ಲಿಸ್ರಿ."

ಸೊರಬ ನನ್ನ ಹೆಂಡತಿ ಗಿರಿಜೆಯ ತವರು. ಅಲ್ಲಿ ರಾತ್ರಿ ತಂಗದೆ ವಾಪಸಾಗುವುದು ಮದುವೆಯಾದಂದಿನಿಂದ ನಾನು ಪಾಲಿಸಿಕೊಂಡು ಬಂದ ವ್ರತ. ಅತ್ತೆ ಮಾವ ಒಳ್ಳೆಯವರೇ. ಆದರೆ ಮಾವನವರು ತಮ್ಮ ಗದ್ದೆಯ ಗಡಿ ತಕರಾರನ್ನು ಸರ್ವೆ ನಂಬರಿನಿಂದ ಹೇಳಲು ಶುರು ಮಾಡಿದರೆ ಗದ್ದೆ ಅಳೆದು ಭಾಗ ಮಾಡುವ ಪೋಡಿಗೆ ಬರುವಷ್ಟರಲ್ಲಿ ಕೋಳಿ ಕೂಗುತ್ತದಂತೆ. ಹಾಗಾಗಿ ಬಿಸಿಲಿರುವಾಗಲೇ, "ಬೈಕಿನ ಹೆಡ್‌ಲೈಟ್ ಸರಿಯಿಲ್ಲ, ಬರ್ತೀನಿ" ಎಂದು ಏಳುತ್ತಿದ್ದೆ. ಆ ಹೆಡ್‌ಲೈಟನ್ನು ರಿಪೇರಿ ಮಾಡಿಸದೆ ಎಷ್ಟು ಜತನದಿಂದ ಕಾಪಾಡಿಕೊಂಡಿದ್ದೆನೆಂದರೆ, ಹೊಸ ಬಲ್ಬು ತಂದುಕೊಟ್ಟ ಭಾವಮೈದುನನ ಮೇಲೆ ತಿಂಗಳುಗಟ್ಟಲೆ ಮುನಿಸಿಕೊಂಡಿದ್ದೆ.

ಕಾರಿನ ದುಡ್ಡಿನಲ್ಲಿ ಅರ್ಧ ಗಿರಿಜೆಯ ಹೊಲಿಗೆಯದು. ಅವಳು ಹೂಂ ಅನ್ನದೆ ಕಾರು ಬರುವಂತಿರಲಿಲ್ಲ. ಅವಳಿಗೋ ಮನಸ್ಸಿಲ್ಲ. "ನಡುದಾರೀಲಿ ನಿಂತ್ರೆ ನಾನಂತೂ ತಳ್ಳಲ್ಲ, ಈಗಲೇ ಹೇಳಿದೀನಿ" ಎನ್ನುತ್ತಲೇ ಪಕ್ಕದಲ್ಲಿ ಕೂತಳು.

ಕಾರು ನೀರಿನ ಮೇಲೆ ತೇಲಿದಂತೆ ಹೊರಟಿತು. ಊರು ದಾಟುತ್ತಿದ್ದಂತೆ ರಸ್ತೆಯಲ್ಲಿ ನಿಂತಿದ್ದ ಎಮ್ಮೆಗೆ ನಾವು ಬಂದದ್ದೇ ಗೊತ್ತಾಗಲಿಲ್ಲ. ಖುಷಿಗೆ ಏಸಿ ಹಾಕಿದೆ, ನೋಡನೋಡುತ್ತಿದ್ದಂತೆ ಚಾರ್ಜು ಇಳಿಯತೊಡಗಿತು. ಏಸಿ ಆರಿಸಿದೆ. ಆಮೇಲೆ ಹಾಡು ನಿಲ್ಲಿಸಿದೆ. ಶಿರಾಳಕೊಪ್ಪ ದಾಟಿದ ಮೇಲೆ ಗಿರಿಜೆಯ ಮೊಬೈಲಿನ ವಯರನ್ನೂ ಕಿತ್ತೆ. ಬೇಸರದಿಂದ ಹೊರಟಿದ್ದವಳಿಗೆ ಈಗ ಕ್ರಿಕೆಟ್ ನೋಡುವಷ್ಟು ಹುರುಪು. ಚಾರ್ಜು ಇಳಿದಾಗಲೆಲ್ಲ "ರೀ, ಇನ್ನೊಂದು ವಿಕೆಟ್ ಬಿತ್ತು!" ಎನ್ನುತ್ತ ಬಂದಳು. ಮಾವನ ಮನೆ ಮುಟ್ಟಿದಾಗ ಚಾರ್ಜು ಕಾಲುಭಾಗಕ್ಕೆ ಬಂದಿತ್ತು.

"ಫೇಲು ಕಣೇ, ಬೇಡ ಈ ಕಾರು" ಎಂದೆ ಪೆಚ್ಚಾಗಿ.

"ಯಾಕ್ರೀ ಬೇಡ? ಇಲ್ಲೀತನಕ ಬಂತಲ್ಲ!"

"ವಾಪಸ್ ಹೋಗೋಕೆ ಚಾರ್ಜೇ ಇಲ್ವಲ್ಲೇ."

ಗಿರಿಜೆ ಕಾರನ್ನು ಮೊದಲ ಬಾರಿಗೆ ಪ್ರೀತಿಯಿಂದ ನೋಡಿದಳು. "ಸರಿಯಾಗಿದೆ. ಇದನ್ನೇ ತಗೊಳ್ಳೋಣ" ಎಂದವಳೇ, ನಾನು ಬಾಯಿ ತೆರೆಯುವ ಮೊದಲೇ ಬಸಣ್ಣನಿಗೆ ಫೋನು ಮಾಡಿ, "ಪಾಸಾತಣ್ಣ, ಕಾರು ನಮಗೇ ಇರಲಿ" ಎಂದುಬಿಟ್ಟಳು.

ಕಾರಿಗೆ ಹೊಂದುವ ದೊಡ್ಡ ಪ್ಲಗ್ಗು ಆ ಮನೆಯಲ್ಲಿದ್ದದ್ದು ಒಂದೇ, ಅಡುಗೆಮನೆಯಲ್ಲಿ. ಕಿಟಕಿಯಿಂದ ವಯರು ಎಳೆದದ್ದಾಯಿತು. "ಎಷ್ಟೊತ್ತು ಬೇಕಂತೆ ಅಳಿಯಂದ್ರೇ?" ಎಂದರು ಮಾವ. ಬೆಳಗಿನತನಕ ಎಂದೆ. "ಆಗ್ಲಿ ಬಿಡಿ, ಅವಸರ ಎಂತದು?" ಎಂದು ಕುರ್ಚಿಯನ್ನು ನನ್ನತ್ತ ಎಳೆದುಕೊಂಡರು. "ಆ ಸರ್ವೆ ನಂಬರಿಂದು ನಿಮಗೆ ಪೂರ್ತಿ ಹೇಳೇ ಇಲ್ಲ, ಅಲ್ದಾ?"

ಸಂಜೆ ಎದ್ದುಹೋಗಿ ನೋಡಿದರೆ ಚಾರ್ಜು ಇದ್ದಲ್ಲೇ ಇದೆ. ವಯರಿನ ಜಾಡು ಹಿಡಿದು ಅಡುಗೆಮನೆಗೆ ಬಂದೆ. ಕಾರಿನ ವಯರು ನೆಲದ ಮೇಲೆ ಬಿದ್ದಿತ್ತು; ಪ್ಲಗ್ಗಿಗೆ ಸಿಕ್ಕಿಸಿದ ಗ್ರೈಂಡರು ಗರಗರ ತಿರುಗುತ್ತಿತ್ತು.

"ನೀವು ಉಳ್ಕಂಡಿದ್ದು ಇದೇ ಮೊದಲಲ್ದಾ? ಬೆಳಿಗ್ಗೆಗೆ ದೋಸೆ ಮಾಡನ ಅಂತ ರುಬ್ಬಕ್ಕೆ ಹಾಕ್ದೆ" ಎಂದರು ಅತ್ತೆ.

"ಹಿಂಗಾದ್ರೆ ಕಾರು ನಾಳೆ ಹೊರಡೋದು ಹೆಂಗೆ ಅತ್ತೆ?"

"ಹೊರಡದೇ ಇದ್ರೆ ನಾಡಿದ್ದಿಗೆ ಇಡ್ಲಿ ಮಾಡನ, ಅದಕ್ಕೆಂತ!"

ಹಿಂದೆ ನಿಂತಿದ್ದ ಗಿರಿಜೆ ಸೆರಗು ಬಾಯಿಗೆ ಒತ್ತಿಕೊಂಡಳು.

ಈಗ ಆ ಕಾರು ನಮ್ಮದೇ. ಬೈಕಿನ ಹೆಡ್‌ಲೈಟೂ ರಿಪೇರಿಯಾಗಿದೆ, ಗಿರಿಜೆಯೇ ಮಾಡಿಸಿದ್ದು. ಗಡಿ ತಕರಾರಿನಲ್ಲಿ ನಾನು ಪೋಡಿಯವರೆಗೆ ಬಂದಿದ್ದೇನೆ. ಮುಂದೇನಾಯಿತೋ ತಿಳಿಯುವ ಆಸೆ ನನಗೇ ಹತ್ತಿಕೊಂಡಿರುವುದನ್ನು ಯಾರಿಗೂ ಹೇಳಿಲ್ಲ. ಆದರೂ ಅಜ್ಜನ ವಿದ್ಯೆ ಎಲ್ಲಿ ಕೈಕೊಟ್ಟಿತೆಂದು ಆಗಾಗ ಯೋಚಿಸುತ್ತೇನೆ. ಮಾರುವವನ ಮುಖ ಓದುವುದನ್ನು ಅವರು ಚೆನ್ನಾಗಿಯೇ ಕಲಿಸಿದ್ದರು, ಪಕ್ಕದ ಸೀಟಿನಲ್ಲಿ ಕೂತವರ ಮುಖ ಓದುವುದನ್ನು ಕಲಿಸಿರಲಿಲ್ಲ. ಪಾಪ, ಅವರಾದರೂ ಹೇಗೆ ಕಲಿಸಿಯಾರು? ಅಜ್ಜಿ ಯಾವತ್ತೂ ಸಂತೆಗೆ ಜೊತೆಯಲ್ಲಿ ಬಂದವಳಲ್ಲ.