ಪಾಯಿಖಾನೆಯಲ್ಲಿ ಮೆಂತ್ಯದ ವಾಸನೆ

ಇಳಕಲ್ಲಿನ ಅಮಾತೆಪ್ಪನ ಮನೆಯ ಪಾಯಿಖಾನೆ ಆ ಅಮಾವಾಸ್ಯೆಯ ಬೆಳಿಗ್ಗೆ ನೀರು ಕುಡಿಯಲು ಒಲ್ಲೆನೆಂದಿತು. ಬಕೆಟ್ಟು ಸುರಿದರೆ ಅಷ್ಟೂ ನೀರು ಮೇಲೆಯೇ ನಿಂತು, ಧ್ಯಾನಕ್ಕೆ ಕೂತ ಸ್ವಾಮಿಗಳಂತೆ ಅಲುಗಲಿಲ್ಲ.

"ಇದು ಕನಕಪ್ಪಂದ ಕೆಲಸಾ," ಎಂದ ಅಮಾತೆಪ್ಪ.

"ನಮ್ಮ ಪಾಯಿಖಾನಿಗೆ ಕನಕಪ್ಪಣ್ಣ ಯಾಕ ಬರ್ತಾನ್ರಿ?" ಎಂದಳು ಹೆಂಡತಿ ಅಂಬವ್ವ.

ಅಮಾತೆಪ್ಪ ಮೂಗಿಗೆ ಟವೆಲ್ಲು ಕಟ್ಟಿಕೊಂಡ. ಆತ ಸೀರೆ ನೇಯುವವ. ನೂಲಿಗೆ ಹಾಕುವ ಗಂಜಿಯಲ್ಲಿ ಅವನ ಮನೆತನದ್ದೊಂದು ಗುಟ್ಟಿತ್ತು: ಅಕ್ಕಿ ಗಂಜಿಗೆ ಹುರಿದ ಮೆಂತ್ಯದ ಹಿಟ್ಟು, ಮೇಲೆರಡು ಹನಿ ಕುಸುಬಿ ಎಣ್ಣೆ. ಆ ಗಂಜಿ ಉಂಡ ಎಳೆ ಮಗ್ಗದಲ್ಲಿ ಹರಿಯುತ್ತಿರಲಿಲ್ಲ. ಮದುವೆ ಸೀರೆಗಳ ಕೆಲಸವೆಲ್ಲ ಮೊದಲು ಅವನ ಮನೆಗೇ ಬರುತ್ತಿತ್ತು.

ಗುಟ್ಟನ್ನು ಅಪ್ಪ ಸಾಯುವ ಹೊತ್ತಿಗೆ ಕಿವಿಗೆ ಬಾಯಿ ಹಚ್ಚಿ ಹೇಳಿದ್ದ. ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಎಡಬಲದ ಮನೆಯ ನೇಕಾರರಾದ ಕನಕಪ್ಪ, ಗುರಪ್ಪ ಕೂತಿದ್ದರು. ಅವರಿಗೆಲ್ಲಿ ಕೇಳೀತೋ ಎಂದು ಅಮಾತೆಪ್ಪ ನಡುವೆಯೇ ಎದ್ದು, ಬಾಗಿಲು ಹಾಕಿ, ಚಿಲಕ ಜಡಿದು, ಮತ್ತೊಮ್ಮೆ ಎಳೆದು ನೋಡಿ ಬಂದಿದ್ದ. ಬರುವಷ್ಟರಲ್ಲಿ ಅಪ್ಪ ತಲೆಹೊರೆ ಇಳಿಸಿದವನಂತೆ ಕಣ್ಣು ಮುಚ್ಚಿದ್ದ.

ಇತ್ತೀಚೆಗೆ ಮದುವೆ ಸೀರೆಗಳು ಕನಕಪ್ಪನ ಮಗ್ಗ ಏರತೊಡಗಿದ್ದವು. ಉಳಿದ ಗಂಜಿಯನ್ನು ಗಟಾರಕ್ಕೆ ಚೆಲ್ಲಿದರೆ ಆತ ಮೂಸಿ ಹಿಡಿದಾನೆಂದು ಅಮಾತೆಪ್ಪ ಅದನ್ನು ಕದ್ದುಮುಚ್ಚಿ ಪಾಯಿಖಾನೆಗೆ ಸುರಿಯುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ. ಆದರೆ ಮೂರೂ ಮನೆಗಳ ಪೈಪು ಕೂಡುತ್ತಿದ್ದುದು ಅವನ ಹಿತ್ತಲಿನ ಚೇಂಬರಿನಲ್ಲಿ. ಅದರ ಮುಚ್ಚಳ ತೆರೆದರೆ ಅಪ್ಪನ ಗುಟ್ಟು ಬಿಸಿಲಿಗೆ ಬಿದ್ದಂತೆಯೇ.

"ಯಾರ್ನೂ ಕರೀಬ್ಯಾಡ. ನಾನ ಮಾಡ್ತೇನಿ," ಎಂದು ಬಿದಿರಿನ ಸೀಳು ತುರುಕಿದ. ಅದು ಒಳಗೇ ಲಟಕ್ಕೆಂದಿತು. ಆ ಸದ್ದಿಗೆ ಗುರಪ್ಪನ ಮನೆಯ ಟೇಪ್‌ರೆಕಾರ್ಡರಿನ ವಚನ ನಿಂತು, ಗೋಡೆಯ ಮೇಲೆ ಗುರಪ್ಪನ ತಲೆ ಮೂಡಿತು.

"ಏನ್ ನಡಿಸೀಯೋ ಅಮಾತೆಪ್ಪ?"

"ಏನಿಲ್ಲ. ಸುಮ್ನ ಸ್ವಚ್ಛ ಮಾಡಾಕತ್ತೇನಿ."

"ಹಬ್ಬಾ ಇಲ್ಲ, ಹುಣ್ಣಿವಿ ಇಲ್ಲ, ನೀ ಪಾಯಿಖಾನಿ ಸ್ವಚ್ಛ ಮಾಡ್ತೀಯೇನು?" ಗುರಪ್ಪ ಕಣ್ಣು ಕಿರಿದು ಮಾಡಿದ. "ನಮ್ಮನ್ಯಾಗೂ ನೀರು ಹೋಗವಲ್ದು. ಕುದಿಯೂ ನೀರು ಹಾಕು. ಏನಿದ್ರೂ ಕರಗಿ ಹೋಗ್ತೈತಿ."

ಅಮಾತೆಪ್ಪ ಹಂಡೆಗಟ್ಟಲೆ ಕುದಿನೀರು ಸುರಿದ. ಹುಟ್ಟಿದಾಗಿನಿಂದ ಗಂಜಿಯನ್ನೇ ಕಂಡವನಿಗೆ, ಕುದಿನೀರು ಬಿದ್ದ ಗಂಜಿ ಏನಾಗುತ್ತದೆಂಬುದು ಹಂಡೆ ಬರಿದಾದ ಮೇಲೆ ಹೊಳೆಯಿತು. ಒಳಗೆ ಏನೋ ಬುಳುಕ್ ಎಂದು ತೇಗಿತು. ಹಿತ್ತಲಿನ ಚೇಂಬರಿನ ಮುಚ್ಚಳ ಮೆಲ್ಲಗೆ ಮೇಲೇಳತೊಡಗಿತು. ಅಮಾತೆಪ್ಪ ಓಡಿ ಹೋಗಿ ಅದರ ಮೇಲೆ ಕುಳಿತುಬಿಟ್ಟ.

ಅಷ್ಟರಲ್ಲಿ ಕನಕಪ್ಪ ಹಾರೆ ಹಿಡಿದು ಒಳಬಂದ, ಅವನ ಹಿಂದೆಯೇ ಗುರಪ್ಪ. "ನಮ್ಮನಿ ತುಂಬ ನೀರು ನಿಂತೈತಿ. ಏಳಲೇ, ಚೇಂಬರ್ ತಗೀತೇನಿ."

"ಇವತ್ತ ಅಮಾಸಿ. ಕೈ ಹಚ್ಚಬಾರ್ದು."

"ಅಮಾಸಿಗೆ ಮಗ್ಗಾ ನಿಂದರ್ತಾವು. ಹೊಟ್ಟಿ ನಿಂದರ್ತೈತೇನಲೇ?"

"ಏಳ್ರಿ, ಮಾನಾ ಕಳೀಬ್ಯಾಡ್ರಿ," ಎಂದು ಅಂಬವ್ವ ರಟ್ಟೆ ಹಿಡಿದು ಎಬ್ಬಿಸಿದಳು. ಕನಕಪ್ಪ ಹಾರೆ ಹಾಕಿ ಮುಚ್ಚಳ ಎತ್ತಿದ.

ನಾತವನ್ನೂ ಹಿಂದೆ ಹಾಕಿ ಮೆಂತ್ಯದ ಘಮ ಎದ್ದಿತು.

"ಅಯ್ಯ ಶಿವನ!" ಎಂದಳು ಅಂಬವ್ವ. "ಇದ್ರಾಗ ಬಾಣಂತಿ ಉಂಡಿ ಯಾರ ಒಗದಾರ?"

ಅಮಾತೆಪ್ಪ ಹೆದರುತ್ತಲೇ ಬಗ್ಗಿ ನೋಡಿದ. ಮೂರು ಪೈಪು, ಮೂರು ಬಾಯಿ. ಮೂರರಿಂದಲೂ ಗಂಜಿಯ ಮುದ್ದೆ ನಾಲಿಗೆಯಂತೆ ಹೊರಚಾಚಿತ್ತು.

"ಕಳ್ಳರ‍್ಯಾ! ನಿಮ್ಮ ಪೈಪಿನ್ಯಾಗೂ ಮೆಂತ್ಯಾ!"

ಗುರಪ್ಪ ನೆಲ ನೋಡಿದ. "ಗಟಾರಕ್ಕ ಚಲ್ಲಿದ್ರ ನೀ ಮೂಸಿ ಹಿಡೀತಿ ಅಂತ ಪಾಯಿಖಾನಿಗೆ ಹಾಕ್ತಿದ್ವಿ."

"ನಮ್ಮಪ್ಪ ನನ್ನ ಕಿವ್ಯಾಗ ಹೇಳಿದ್ದು ನಿಮಗ ಹೆಂಗ ಗೊತ್ತಾತು?"

"ಕಿವಿ ಕೇಳದಾಂವ ಪಿಸುಮಾತು ಆಡ್ತಾನೇನೋ?" ಎಂದ ಕನಕಪ್ಪ. "ನಿನ್ನ ಕಿವ್ಯಾಗ ಹೇಳಿದ್ದು ಬಸ್‌ಸ್ಟ್ಯಾಂಡಿನ ಮಟಾ ಕೇಳಿತ್ತು. ಬಾಗಿಲಾ ಹಾಕಿದ್ರೂ ಕೇಳಿತ್ತು."

ಅಮಾತೆಪ್ಪ ಚೇಂಬರಿನ ಅಂಚಿನಲ್ಲೇ ಕುಸಿದ. ಗುರಪ್ಪ ಮಾತ್ರ ಕಟ್ಟಿಗೆಯಿಂದ ಮುದ್ದೆಗಳನ್ನು ತಿವಿದು, ಮಾರ್ಕೆಟ್ಟಿನಲ್ಲಿ ಸೀರೆ ನೋಡುವವನಂತೆ ತಲೆ ಓರೆ ಮಾಡಿದ.

"ಅಮಾತೆಪ್ಪ, ನಮ್ಮವು ನೋಡು, ಹೆಂಗ ಹೊಳೀತಾವು. ನಿಂದ್ಯಾಕೋ ಮಂಕಾಗೇತಿ? ನೀ ಕಡೀ ಸಾಮಾನು ಹಾಕೂದಿಲ್ಲೇನು?"

"ಯಾವ ಕಡೀ ಸಾಮಾನು?"

ಗುರಪ್ಪ ಕನಕಪ್ಪನ ಮುಖ ನೋಡಿದ, ಕನಕಪ್ಪ ಗುರಪ್ಪನ ಮುಖ ನೋಡಿದ.

"ನಮಗ ಕೇಳಬಾರ್ದು ಅಂತ ನೀ ಬಾಗಿಲಾ ಹಾಕಾಕ ಎದ್ದಿಯಲ್ಲ," ಎಂದ ಕನಕಪ್ಪ ಮೆಲ್ಲಗೆ, "ಆವಾಗ ನಿಮ್ಮಪ್ಪ ಇನ್ನೊಂದು ಹೇಳಿದ್ನಲ್ಲೋ."

"ಏನಂದಾ? ಹೇಳ್ರೋ! ನಿಮ್ಮ ಕಾಲಿಗೆ ಬೀಳ್ತೇನಿ!"

ಕನಕಪ್ಪ ಹಾರೆಯನ್ನು ಹೆಗಲಿಗೇರಿಸಿದ. "ಯಾರಿಗೂ ಹೇಳಬ್ಯಾಡ ಅಂತನೂ ಅಂದಾನ. ಸಾಯೂ ಹೊತ್ತಿನ ಮಾತು, ಹೆಂಗ ಮೀರೂದು? ನಡಿ ಗುರಪ್ಪ. ಚೇಂಬರ್ ಇವನ ಹಿತ್ತಲದಾಗ ಐತಿ, ಇವನ ತಗೀಲಿ."

ಇಬ್ಬರೂ ಹೋದರು. ಅಂಬವ್ವ ಬಕೆಟ್ಟನ್ನು ಗಂಡನ ಮುಂದೆ ಕುಕ್ಕಿ ಒಳಗೆ ಹೋದಳು. ಅಮಾತೆಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಮೂಗಿಗೆ ಕಟ್ಟಿಕೊಂಡಿದ್ದ ಟವೆಲ್ಲನ್ನು ಬಿಚ್ಚಿ, ಕನಕಪ್ಪನ ಪೈಪಿನ ಬಾಯಿಗೆ ಬಗ್ಗಿ, ಉಸಿರು ತುಂಬ ಮೂಸಿದ.